ಒಂದೇ ರೊಪ್ಪ, ಒಂದೇ ಔಷಧ. ಆದರೂ ಆ ಏಳೆಂಟು ಕುರಿಗೇ ಯಾಕೆ?

ಪ್ರಶ್ನೆ: ಡಾಕ್ಟ್ರಿಗೆ ನಮಸ್ಕಾರ. ನಮ್ಮದು ಅರಸೀಕೆರೆ ತಾಲೂಕು. 60 ಕುರಿ ಇವೆ. ಅರ್ಧ ನಮ್ಮ ಕಡೆಯ ನಾಟಿ ಕುರಿ, ಅರ್ಧ ಬಂಡೂರು ಟಗರಿಗೆ ಹುಟ್ಟಿದವು. ಎಲ್ಲಕ್ಕೂ ಒಂದೇ ದಿನ ಲಸಿಕೆ ಹಾಕಿಸುತ್ತೇನೆ, ಒಂದೇ ದಿನ ಜಂತಿನ ಔಷಧ ಕುಡಿಸುತ್ತೇನೆ. ಆದರೂ ಮಳೆ ಹಿಡಿದು ತಿಂಗಳಾದರೆ ಏಳೆಂಟು ಕುರಿಗೆ ದವಡೆ ಕೆಳಗೆ ನೀರು ತುಂಬುತ್ತದೆ. ಪ್ರತಿ ವರ್ಷ ಅವೇ ಕುರಿ, ಇಲ್ಲಾ ಅವುಗಳ ಮರಿ. ನಮ್ಮವ್ವ ‘ಅದು ಆ ಸಾಲಿನ ರಕ್ತ, ಮಾರಿಬಿಡು’ ಅಂತಾಳೆ. ಮಗ ಮೊಬೈಲಲ್ಲಿ ನೋಡಿ, ಜಂತುಹುಳಕ್ಕೂ ಲಸಿಕೆ ಬಂದಿದೆ ಅಂತಾನೆ. ಆ ಲಸಿಕೆ ಹಾಕಿಸಿದರೆ ಈ ರಕ್ತದ ದೋಷವೂ ಸರಿಹೋಗುತ್ತಾ?

ಉತ್ತರ: ನಿಮ್ಮವ್ವ ಹೇಳಿದ್ದು ಮುಕ್ಕಾಲು ಪಾಲು ಸರಿ. ಮಗ ಹೇಳಿದ್ದೂ ಸುಳ್ಳಲ್ಲ. ಇಬ್ಬರ ಮಾತೂ ಒಂದು ಕಡೆ ಕೂಡುತ್ತದೆ, ನಿಮ್ಮ ಉತ್ತರ ಇರುವುದು ಅಲ್ಲೇ. ಸ್ವಲ್ಪ ಉದ್ದ ಆಗುತ್ತದೆ, ಎಲೆ ಅಡಿಕೆ ಹಾಕಿಕೊಂಡು ಕೂತು ಓದಿ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನೀವು ಈಗ ಹಾಕಿಸುತ್ತಿರುವ ಲಸಿಕೆ ಜಂತುಹುಳಕ್ಕೆ ಅಲ್ಲ. ಅದು ಕರುಳುಬೇನೆಗೆ, ಅಂದರೆ ಇಟಿಗೆ. ಜೊತೆಗೆ ಪಿಪಿಆರ್, ಅಂದರೆ ಕುರಿ ಮೇಕೆಗಳ ಪ್ಲೇಗ್, ಅದರ ಲಸಿಕೆಯೂ ಇರಬಹುದು. ಕರುಳುಬೇನೆ ಬರುವುದು ಬ್ಯಾಕ್ಟೀರಿಯಾದಿಂದ, ಪಿಪಿಆರ್ ಬರುವುದು ವೈರಸ್‌ನಿಂದ. ಹುಳ ಅನ್ನುವುದು ಬೇರೆಯದೇ ಪ್ರಾಣಿ. ‘ಕರುಳಿನ ಲಸಿಕೆ ಹಾಕಿಸಿದ್ದೀನಿ ಸಾರ್, ಆದರೂ ಹೊಟ್ಟೆಯಲ್ಲಿ ಹುಳ’ ಅಂತ ಎಷ್ಟೋ ಜನ ನನ್ನ ಹತ್ತಿರ ಜಗಳಕ್ಕೇ ಬಂದಿದ್ದಾರೆ. ಅದು ಲಸಿಕೆಯ ತಪ್ಪಲ್ಲ. ಕಾಲುಬಾಯಿ ಜ್ವರದ ಇಂಜೆಕ್ಷನ್ ಕೊಡಿಸಿ, ಮೈಗೆ ಹತ್ತಿದ ಉಣುಗು ಯಾಕೆ ಉದುರಲಿಲ್ಲ ಅಂತ ಕೇಳಿದ ಹಾಗೆ ಅದು.

ಇನ್ನು ಆ ಹುಳ. ಕೆಲವು ವರ್ಷದ ಹಿಂದೆ ಜಾವಗಲ್ ಕಡೆ ಒಂದು ಹಟ್ಟಿಗೆ ಹೋಗಿದ್ದೆ. ರಾತ್ರಿ ಸತ್ತ ಕುರಿಯನ್ನು ಬೇವಿನ ಮರದ ಕೆಳಗೆ ಹಾಕಿದ್ದರು. ಹೊಟ್ಟೆ ಬಿಡಿಸಿ ನಾಲ್ಕನೇ ಹೊಟ್ಟೆಯನ್ನು ಸೀಳಿದೆ. ಮೇವೆಲ್ಲ ಕದಡಿದ ನೀರಿನ ಹಾಗಿತ್ತು. ಅದರ ಮೇಲೆ ಸಣ್ಣ ದಾರದ ತುಂಡುಗಳು ಹರಡಿಕೊಂಡ ಹಾಗೆ ಕಂಡಿತು. ಒಂದನ್ನು ಕಡ್ಡಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದು ಕುರಿಯ ಯಜಮಾನನಿಗೆ ತೋರಿಸಿದೆ. ಎರಡು ಮೂರು ಸೆಂಟಿಮೀಟರ್ ಉದ್ದ. ಕೆಂಪು ದಾರ, ಬಿಳಿ ದಾರ ಸೇರಿಸಿ ಹೊಸೆದ ಹಾಗೆ. ಕೆಂಪು ಅಂದರೆ ಅದರ ಕರುಳಿನಲ್ಲಿ ತುಂಬಿದ ನಿಮ್ಮ ಕುರಿಯ ರಕ್ತ. ಬಿಳಿ ಅಂದರೆ ಅದರ ಸುತ್ತ ಸುತ್ತಿಕೊಂಡಿರುವ ಮೊಟ್ಟೆಚೀಲ. ಆತ ಒಂದು ಮಾತೂ ಆಡದೆ ಇನ್ನೊಂದು ಕಡ್ಡಿ ತಗೊಂಡು ತಾನೇ ಎಣಿಸಲು ಶುರು ಮಾಡಿದ. ನೂರು ದಾಟುವ ಹೊತ್ತಿಗೆ ಬಿಟ್ಟ.

ಇದರ ಹೆಸರು ಹಿಮಾಂಕಸ್ ಕಂಟಾರ್ಟಸ್. ನೀವು ಕರುಳಿನ ಹುಳ ಅಂತೀರಿ, ಅದು ಕೂತಿರುವುದು ಕರುಳಿಗಿಂತ ಒಂದು ಹೆಜ್ಜೆ ಮುಂಚೆ, ಅಷ್ಟೇ ವ್ಯತ್ಯಾಸ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. ಏನೂ ಅಲ್ಲ ಅನಿಸುತ್ತದೆ ಅಲ್ವಾ? 2,000 ಹುಳ ಅಂತ ಲೆಕ್ಕ ಹಾಕಿ. ದಿನಕ್ಕೆ 100 ಮಿಲಿ. 30 ಕೆಜಿ ಕುರಿಯ ಮೈಯಲ್ಲಿ ಇರುವ ರಕ್ತವೇ ಎರಡು ಲೀಟರ್ ಆಸುಪಾಸು. ರಕ್ತದ ಜೊತೆ ಅದರಲ್ಲಿರುವ ಪ್ರೋಟೀನ್ ಕೂಡ ಹೋಗುತ್ತದೆ. ಆಗ ನಾಳದೊಳಗೆ ನಿಲ್ಲಬೇಕಾದ ನೀರು ಹೊರಗೆ ಜಿನುಗಿ ದವಡೆ ಕೆಳಗೆ ಜೋತುಬೀಳುತ್ತದೆ. ನೀವು ನೋಡುತ್ತಿರುವ ಬಾವು ಅದೇ. ಮಳೆ ಬಿದ್ದ ಮೇಲೆ ಯಾಕೆ ಅಂದರೆ, ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಒಡೆದು ಮರಿಹುಳ ಆಗುವುದಕ್ಕೆ ತೇವ ಬೇಕು, ಬೆಚ್ಚಗೂ ಇರಬೇಕು. ಜೂನ್ ಜುಲೈನ ಅರಸೀಕೆರೆ, ಕಡೂರು ಅದಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದು ಹೆಣ್ಣು ಹುಳ ದಿನಕ್ಕೆ 5,000ಕ್ಕೂ ಮೇಲೆ ಮೊಟ್ಟೆ ಇಡುತ್ತದೆ.

ಈಗ ನಿಮ್ಮ ಏಳೆಂಟು ಕುರಿಗೆ ಬರೋಣ. ಇದು ನಿಮ್ಮ ರೊಪ್ಪದ ಕಥೆ ಮಾತ್ರ ಅಲ್ಲ. ಜಗತ್ತಿನಲ್ಲಿ ಎಲ್ಲಿ ಹೋಗಿ ಎಣಿಸಿದರೂ ಹುಳಗಳು ಸಮನಾಗಿ ಹಂಚಿಕೊಂಡಿರುವುದಿಲ್ಲ. ಹತ್ತರಲ್ಲಿ ಎರಡು ಪ್ರಾಣಿಯ ಹೊಟ್ಟೆಯಲ್ಲಿ ಹೆಚ್ಚೂ ಕಡಿಮೆ ಎಂಟು ಪಾಲು ಹುಳ. ಉಳಿದ ಎಂಟು ಪ್ರಾಣಿ ಎರಡು ಪಾಲು ಹಂಚಿಕೊಂಡಿರುತ್ತವೆ. ಒಂದೇ ಕಾವಲಿನಲ್ಲಿ ಮೇದು, ಒಂದೇ ಕಟ್ಟೆಯ ನೀರು ಕುಡಿದ ಕುರಿಗಳಲ್ಲೂ ಹೀಗೇ. ಕುರಿಗಳ ಹಿಕ್ಕೆಯಲ್ಲಿ ಕಾಣುವ ಮೊಟ್ಟೆಯ ಸಂಖ್ಯೆ ಒಂದಕ್ಕೊಂದು ಯಾಕೆ ವ್ಯತ್ಯಾಸ ಆಗುತ್ತದೆ ಅಂತ ಬೇರೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿದ್ದಾರೆ. ಆ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಅಪ್ಪ ಅಮ್ಮನಿಂದ ಬಂದದ್ದು. ಹಸುವಿನ ಹಾಲಿನ ಇಳುವರಿ ಸಾಲಿನಲ್ಲಿ ಬರುತ್ತದೆ ಅಂತ ನಂಬಿ ಸಾವಿರಾರು ರೂಪಾಯಿ ಕೊಟ್ಟು ಒಳ್ಳೆ ಹೋರಿಯ ಸೆಮೆನ್ ಕೊಡಿಸುತ್ತೇವಲ್ಲ, ಅದು ಸಾಲಿನಲ್ಲಿ ಬರುವುದೂ ಹೆಚ್ಚುಕಡಿಮೆ ಇಷ್ಟೇ. ಅವ್ವನ ಮಾತಿಗೆ ನಾನು ಮುಕ್ಕಾಲು ಅಂಕ ಕೊಟ್ಟದ್ದು ಇದಕ್ಕೆ.

ಹಾಗಾದರೆ ಲಸಿಕೆ? ಲಸಿಕೆ ಅಂದರೆ ಹೊರಗಿಂದ ಕೊಟ್ಟ ಪಾಠ. ಪಾಠ ಒಂದೇ ಆದರೂ ಕಲಿಯುವ ಮೈ ಬೇರೆ ಬೇರೆ. ಇದನ್ನು ಕುರಿಗಳಲ್ಲೇ ನೇರವಾಗಿ ಪರೀಕ್ಷೆ ಮಾಡಿದ್ದಾರೆ. ಆ ಪ್ರಯೋಗ ನನಗೆ ಬಹಳ ಇಷ್ಟ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮ್ಯಾಕ್‌ಮಾಸ್ಟರ್ ಲ್ಯಾಬ್ ಅಂತ ಒಂದಿತ್ತು. ಹಿಕ್ಕೆಯಲ್ಲಿ ಹುಳದ ಮೊಟ್ಟೆ ಎಣಿಸಲು ನಾವು ಇವತ್ತಿಗೂ ಬಳಸುವ ಗೆರೆ ಹಾಕಿದ ಗಾಜಿನ ಸ್ಲೈಡ್ ಇದೆಯಲ್ಲ, ಅದರ ಹೆಸರೂ ಮ್ಯಾಕ್‌ಮಾಸ್ಟರ್ ಸ್ಲೈಡ್. ಅಲ್ಲೇ ಹುಟ್ಟಿದ್ದು, 1939ರಲ್ಲಿ. ಆ ಲ್ಯಾಬಿನಲ್ಲಿ 1970ರ ದಶಕದ ಕೊನೆಗೆ ವಿಂಡನ್ ಮತ್ತು ಡಿನೀನ್ ಅನ್ನುವ ಇಬ್ಬರು ಮೆರಿನೊ ಕುರಿಮರಿಗಳ ಮೇಲೆ ಕೆಲಸ ಶುರು ಮಾಡಿದರು. ಅವರು ಹಿಡಿದದ್ದು ಸಣ್ಣ ಕರುಳಿನಲ್ಲಿ ಇರುವ ಇನ್ನೊಂದು ಹುಳ, ಟ್ರೈಕೋಸ್ಟ್ರಾಂಗೈಲಸ್. ಕೂದಲಿನಷ್ಟು ತೆಳ್ಳಗೆ, ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದರ ಮರಿಹುಳಗಳಿಗೆ ವಿಕಿರಣ ತಾಗಿಸಿದರು. ಹಾಗೆ ಮಾಡಿದರೆ ಮರಿಹುಳ ಸಾಯುವುದಿಲ್ಲ, ಕರುಳಿಗೆ ಹೋಗಿ ಕೂರುತ್ತದೆ. ಆದರೆ ಬೆಳೆದು ಮೊಟ್ಟೆ ಇಡುವ ತಾಕತ್ತು ಇರುವುದಿಲ್ಲ. ಹಲ್ಲು ಕಿತ್ತ ಹಾವನ್ನು ತೋರಿಸಿ ಹಾವು ಅಂದರೆ ಏನು ಅಂತ ಕಲಿಸಿದ ಹಾಗೆ. ಅದೇ ಅವರ ಲಸಿಕೆ.

ಎಳೆ ಮರಿಗಳಿಗೆ ಇದನ್ನು ಎರಡು ಸಲ ಕುಡಿಸಿದರು. ಆಮೇಲೆ ಕೆಲವು ವಾರ ಬಿಟ್ಟು ನಿಜವಾದ, ಗಟ್ಟಿಮುಟ್ಟಾದ ಮರಿಹುಳಗಳನ್ನು ಕೊಟ್ಟು ಹಿಕ್ಕೆ ಎಣಿಸಿದರು. ಕೆಲವು ಮರಿಗಳಲ್ಲಿ ಮೊಟ್ಟೆ ತೀರಾ ಕಡಿಮೆ. ಲಸಿಕೆ ಚೆನ್ನಾಗಿ ಹಿಡಿದಿದೆ. ಕೆಲವು ಮರಿಗಳಲ್ಲಿ ಲಸಿಕೆಯನ್ನೇ ಕೊಟ್ಟಿಲ್ಲವೇನೋ ಅನ್ನುವ ಹಾಗೆ ಮೊಟ್ಟೆ. ಇಲ್ಲಿಗೇ ನಿಲ್ಲಿಸಿದ್ದರೆ ‘ಲಸಿಕೆ ಅರ್ಧಕ್ಕೆ ಮಾತ್ರ ಕೆಲಸ ಮಾಡಿತು’ ಅಂತ ಬರೆದು ಮುಗಿಸುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಚೆನ್ನಾಗಿ ಹಿಡಿದ ಟಗರು, ಕುರಿಗಳನ್ನು ಒಂದು ಕಡೆ ಸೇರಿಸಿದರು. ಹಿಡಿಯದೇ ಇದ್ದವನ್ನು ಇನ್ನೊಂದು ಕಡೆ. ಅವುಗಳಿಗೆ ಹುಟ್ಟಿದ ಮರಿಗಳಿಗೂ ಅದೇ ಲಸಿಕೆ, ಅದೇ ಪರೀಕ್ಷೆ. ಮರಿಗಳು ಅಪ್ಪ ಅಮ್ಮನ ದಾರಿಯನ್ನೇ ಹಿಡಿದವು. ಒಂದು ಸಾಲು ಲಸಿಕೆಗೆ ಸ್ಪಂದಿಸುವ ಸಾಲಾಯಿತು, ಇನ್ನೊಂದು ಸ್ಪಂದಿಸದ ಸಾಲು. ಅಂದರೆ ಹುಳ ತಡೆಯುವ ಶಕ್ತಿ ಮಾತ್ರ ಅಲ್ಲ, ಲಸಿಕೆಯಿಂದ ಕಲಿಯುವ ಶಕ್ತಿಯೂ ರಕ್ತದಲ್ಲಿ ಇಳಿದು ಬರುತ್ತದೆ. ಜೊತೆಗೆ ಇನ್ನೊಂದು ವಿಷಯ ಕಂಡಿತು: ಹೆಣ್ಣು ಮರಿಗಳು ಗಂಡು ಮರಿಗಳಿಗಿಂತ ಚೆನ್ನಾಗಿ ಕಲಿತವು. ಮನೆಯಲ್ಲಿ ಹೆಣ್ಣು ಮಕ್ಕಳಿರುವ ಯಾರಿಗೂ ಇದು ಆಶ್ಚರ್ಯ ಅನಿಸಲಿಕ್ಕಿಲ್ಲ.

1985ರಲ್ಲಿ ಅದೇ ಗುಂಪಿನವರು ಔಟೆರಿಜ್ ಅನ್ನುವವರ ಜೊತೆ ಸೇರಿ ಇನ್ನೊಂದು ಸುಳಿವು ಕೊಟ್ಟರು. ಸ್ಪಂದಿಸುವ ಸಾಲಿನ ಕುರಿಗಳ ಬಿಳಿ ರಕ್ತಕಣಗಳ ಮೇಲೆ ಒಂದು ಗುರುತು ಜಾಸ್ತಿ ಸಿಗುತ್ತಿತ್ತು. ಅದಕ್ಕೆ ಎಸ್‌ವೈ1 ಅಂತ ಹೆಸರಿಟ್ಟರು. ಆ ಗುರುತು ಎಂಎಚ್‌ಸಿ ಅನ್ನುವ ಜೀನ್‌ಗಳ ಗುಂಪಿಗೆ ಸೇರಿದ್ದು.

ಈ ಎಂಎಚ್‌ಸಿ ಏನು ಮಾಡುತ್ತದೆ ಅಂತ ಹೇಳುವುದಕ್ಕೆ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ನೆನಪು ಮಾಡಿಕೊಳ್ಳಿ. ಬೀಜವನ್ನು ಜರಡಿಗೆ ಹಾಕುತ್ತಾರೆ. ದಪ್ಪದ್ದು ಒಂದು ಜರಡಿಯಲ್ಲಿ ನಿಲ್ಲುತ್ತದೆ, ಸಣ್ಣದು ಇನ್ನೊಂದರಲ್ಲಿ, ಪೀಬೆರಿ ಮತ್ತೊಂದರಲ್ಲಿ. ಜರಡಿಯ ಕಣ್ಣಿನ ಆಕಾರದ ಮೇಲೆ ಯಾವುದು ನಿಲ್ಲುತ್ತದೆ ಅನ್ನುವುದು ತೀರ್ಮಾನ ಆಗುತ್ತದೆ. ಕುರಿಯ ಮೈಯಲ್ಲೂ ಹೀಗೇ. ಲಸಿಕೆಯಲ್ಲಿರುವ ಹುಳದ ಪ್ರೋಟೀನನ್ನು ಕಣಗಳು ಚೂರು ಚೂರು ಮಾಡುತ್ತವೆ. ಆ ಚೂರುಗಳಲ್ಲಿ ತನ್ನ ಜರಡಿಗೆ ಸಿಕ್ಕವನ್ನು ಮಾತ್ರ ಎತ್ತಿ ರಕ್ಷಣೆಯ ಕಣಗಳಿಗೆ ತೋರಿಸುತ್ತವೆ: ನೋಡು, ಇಂಥವನು ಒಳಗೆ ಬಂದಿದ್ದಾನೆ ಅಂತ. ಸಿಗದ ಚೂರು ಕೆಳಗೆ ಉದುರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಈ ಜರಡಿ ಕುರಿಯಿಂದ ಕುರಿಗೆ ಬೇರೆ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ. ನಿಮ್ಮ ನಾಟಿ ಕುರಿಯ ಜರಡಿಯಲ್ಲಿ ನಿಂತ ಚೂರು ಬೆರಕೆ ಕುರಿಯ ಜರಡಿಯಲ್ಲಿ ನಿಲ್ಲದೇ ಹೋಗಬಹುದು. ಅದಕ್ಕೇ ಒಂದೇ ಪ್ರೋಟೀನ್ ಹಾಕಿದ ಲಸಿಕೆಗಿಂತ ನಾಲ್ಕಾರು ಪ್ರೋಟೀನ್ ಬೆರೆಸಿದ್ದು ವಾಸಿ ಅಂತ ಲಸಿಕೆ ಮಾಡುವವರು ಯೋಚಿಸುತ್ತಾರೆ. ಯಾವುದಾದರೂ ಒಂದು ಚೂರು ಎಲ್ಲರ ಜರಡಿಗೂ ಸಿಗಲಿ ಅಂತ.

ಸ್ಕಾಟ್ಲೆಂಡಿನ ಬ್ಲ್ಯಾಕ್‌ಫೇಸ್ ಕುರಿಗಳಲ್ಲೂ ಇದೇ ಜೀನ್ ಗುಂಪಿನ ಒಂದು ಬಗೆ ಇದ್ದ ಮರಿಗಳು ಹಿಕ್ಕೆಯಲ್ಲಿ ಕಡಿಮೆ ಮೊಟ್ಟೆ ಹಾಕುತ್ತಿದ್ದವು. ಅದರಲ್ಲೊಂದು ಚಂದದ ಸಂಗತಿ ಇದೆ. ಸಣ್ಣ ಮರಿಗಳು ಹುಳವನ್ನು ಹೊರಗೆ ಹಾಕುವುದಿಲ್ಲ, ಗಿಡ್ಡ ಮಾಡುತ್ತವೆ. ಆಂಟಿಬಾಡಿ ಅಂದರೆ ಹೊರಗಿಂದ ಬಂದ ಶತ್ರುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್. ಹೊಟ್ಟೆಯ ಒಳಪದರದಲ್ಲಿ ಐಜಿಎ ಅನ್ನುವ ಆಂಟಿಬಾಡಿ ಚೆನ್ನಾಗಿ ಸುರಿಸುವ ಮರಿಯಲ್ಲಿ ಹುಳ ಉದ್ದ ಬೆಳೆಯುವುದಿಲ್ಲ. ಗಿಡ್ಡ ಹುಳ ಇಡುವ ಮೊಟ್ಟೆಯೂ ಕಡಿಮೆ.

ಜರಡಿಯ ಮಾತು ಇಷ್ಟಾಯಿತು. ಆದರೆ ಗುರುತು ಹಿಡಿದರೆ ಸಾಲದು, ಸರಿಯಾದ ಆಯುಧ ಎತ್ತಬೇಕು. ನಮ್ಮ ಮೈಗೆ ಮುಖ್ಯವಾಗಿ ಎರಡು ದಾರಿ ಇವೆ. ಕಣದ ಒಳಗೆ ಹೊಕ್ಕ ವೈರಸ್, ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಒಂದು. ಹುಳದಂಥ ದೊಡ್ಡ ಶತ್ರುವಿಗೆ ಲೋಳೆ ಜಾಸ್ತಿ ಮಾಡಿ, ಕರುಳಿನ ಚಲನೆ ಜೋರು ಮಾಡಿ, ತೊಳೆದು ಗುಡಿಸಿ ಹೊರಗೆ ಹಾಕುವುದು ಇನ್ನೊಂದು. ಹುಳ ಬಂದಾಗ ಎರಡನೇ ದಾರಿ ಹಿಡಿಯಬೇಕು. ಮೊದಲನೆಯದನ್ನು ಹಿಡಿದರೆ ಮನೆಗೆ ನೀರು ನುಗ್ಗಿದಾಗ ಬಂದೂಕು ಎತ್ತಿಕೊಂಡು ನಿಂತ ಹಾಗೆ. ಇಲಿಗಳ ಚಾಟಿಹುಳದಲ್ಲಿ ಇದು ಬಹಳ ಸ್ಪಷ್ಟವಾಗಿ ಕಂಡಿದೆ. ಲ್ಯಾಬಿನ ಬಾಲ್ಬ್ ತಳಿಯ ಇಲಿಗಳು ಗುಡಿಸುವ ದಾರಿ ಹಿಡಿದು ಹುಳವನ್ನು ಕೆಲವೇ ವಾರದಲ್ಲಿ ಓಡಿಸುತ್ತವೆ. ಎಕೆಆರ್ ಅನ್ನುವ ತಳಿ ತಪ್ಪು ದಾರಿ ಹಿಡಿದು ಹುಳವನ್ನು ಸಾಕಿಕೊಂಡೇ ಇರುತ್ತದೆ. ಅದೇ ಬೋನು, ಅದೇ ಹಿಟ್ಟು, ಅದೇ ಹುಳ. ಬೇರೆ ಇರುವುದು ತಳಿ ಒಂದೇ. ಆದರೆ ಇಲ್ಲೊಂದು ತಿರುವು ಇದೆ: ಒಮ್ಮೆಗೇ ನೂರಾರು ಮೊಟ್ಟೆ ಕೊಡದೆ ಸ್ವಲ್ಪೇ ಸ್ವಲ್ಪ ಕೊಟ್ಟರೆ, ಗಟ್ಟಿ ಅಂದುಕೊಂಡ ತಳಿಯೂ ದಾರಿ ತಪ್ಪುತ್ತದೆ. ರಕ್ತವೇ ಎಲ್ಲ ಅಲ್ಲ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಅವ್ವನ ಅಂಕದಲ್ಲಿ ಕಾಲು ಭಾಗ ಹಿಡಿದುಕೊಂಡದ್ದು ಅದಕ್ಕೇ.

ಈಗ ಮಗ ಮೊಬೈಲಲ್ಲಿ ನೋಡಿದ ಲಸಿಕೆ. ಅದು ಬಾರ್ಬರ್‌ವ್ಯಾಕ್ಸ್ ಇರಬೇಕು. ಸ್ಕಾಟ್ಲೆಂಡಿನ ಮೋರ್ಡನ್ ಸಂಸ್ಥೆಯವರು ಆಸ್ಟ್ರೇಲಿಯಾದವರ ಜೊತೆ ಸೇರಿ ಮಾಡಿದ್ದು. 2014ರಲ್ಲಿ ಆಸ್ಟ್ರೇಲಿಯಾದ ಮಾರುಕಟ್ಟೆಗೆ ಬಂತು. ನಾನು ಮೇಲೆ ಹೇಳಿದ ಕೆಂಪು ಬಿಳಿ ದಾರದ ಹುಳಕ್ಕೇ ಅದು. ನಮ್ಮಲ್ಲಿ ಸಿಗುವುದಿಲ್ಲ, ಯಾರಾದರೂ ತಂದುಕೊಡುತ್ತೇನೆ ಅಂದರೆ ದುಡ್ಡು ಕೊಡಬೇಡಿ.

ಅದು ಕೆಲಸ ಮಾಡುವ ರೀತಿ ಕೇಳಿದರೆ ನಿಮಗೆ ನಗು ಬರುತ್ತದೆ. ಲಸಿಕೆಯಲ್ಲಿ ಇರುವುದು ಹುಳದ ಕರುಳಿನ ಗೋಡೆಯ ಪ್ರೋಟೀನ್. ಒಂದು ಡೋಸಿಗೆ ಬರೀ 5 ಮೈಕ್ರೋಗ್ರಾಂ. ಕುರಿಯ ರಕ್ತದಲ್ಲಿ ಅದಕ್ಕೆ ಆಂಟಿಬಾಡಿ ಹುಟ್ಟುತ್ತದೆ. ಹುಳ ಎಂದಿನ ಹಾಗೆ ರಕ್ತ ಹೀರುತ್ತದೆ. ರಕ್ತದ ಜೊತೆ ಆಂಟಿಬಾಡಿಯೂ ಅದರ ಹೊಟ್ಟೆಗೆ ಹೋಗಿ ಒಳಗಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಹುಳಕ್ಕೆ ಅಜೀರ್ಣ. ಉಂಡ ಊಟವೇ ಅದಕ್ಕೆ ಮುಳುವು. ಹುಳದ ಕರುಳಿನ ಒಳಭಾಗ ಕುರಿಗೆ ಸಹಜವಾಗಿ ಎಂದೂ ಕಾಣುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ಹುಳಕ್ಕೆ ತಲೆಮಾರುಗಳಿಂದ ಕಲಿತ ತಪ್ಪಿಸಿಕೊಳ್ಳುವ ಉಪಾಯ ಇಲ್ಲ. ಇದು ಲಾಭ. ನಷ್ಟವೂ ಅಲ್ಲೇ ಇದೆ. ಮೇಯುವಾಗ ಹೊಸ ಹುಳ ಹೊಕ್ಕರೂ ಕುರಿಗೆ ಹಳೇ ಪಾಠ ನೆನಪಾಗುವುದಿಲ್ಲ. ಅದಕ್ಕೇ ಮೊದಲು ಮೂರು ಡೋಸ್, ಆಮೇಲೆ ಹುಳದ ಕಾಲ ಮುಗಿಯುವ ತನಕ ಆರು ವಾರಕ್ಕೊಮ್ಮೆ ಮತ್ತೆ ಮತ್ತೆ ಕೊಡಬೇಕು. 60 ಕುರಿಗೆ ಆರು ವಾರಕ್ಕೊಮ್ಮೆ ಇಂಜೆಕ್ಷನ್ ಅಂದರೆ ನೀವೇ ಲೆಕ್ಕ ಹಾಕಿ. ಇನ್ನೊಂದು ತೊಡಕು: ಈ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ಅಗ್ಗವಾಗಿ ತಯಾರಿಸಲು ಹೋದವರಿಗೆ ರಕ್ಷಣೆ ಸಿಗಲಿಲ್ಲ. ಪ್ರೋಟೀನ್ ಮಡಚಿಕೊಂಡಿರುವ ರೀತಿ, ಅದರ ಮೇಲಿನ ಸಕ್ಕರೆಯ ಲೇಪ ಹುಳದಲ್ಲಿ ಇದ್ದ ಹಾಗೇ ಇರಬೇಕು. ಹಾಗಾಗಿ ಈ ಲಸಿಕೆಯನ್ನು ಕುರಿಗಳಲ್ಲಿ ಹುಳ ಸಾಕಿ, ಅದನ್ನು ತೆಗೆದು, ಅದರಿಂದಲೇ ಮಾಡಿದ್ದು.

ಈ ಲಸಿಕೆ ಹಾಕಿದರೂ ಎಲ್ಲ ಕುರಿಯಲ್ಲೂ ಆಂಟಿಬಾಡಿ ಒಂದೇ ಮಟ್ಟಕ್ಕೆ ಏರುವುದಿಲ್ಲ. ಆದ್ದರಿಂದ ‘ರಕ್ತದ ದೋಷ ಸರಿಹೋಗುತ್ತಾ’ ಅನ್ನುವ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಲಸಿಕೆ ರಕ್ತವನ್ನು ಬದಲಾಯಿಸುವುದಿಲ್ಲ, ಇರುವ ರಕ್ತಕ್ಕೆ ಕೆಲಸ ಹೇಳುತ್ತದೆ. ಕೆನರಿ ದ್ವೀಪಗಳಲ್ಲಿ ಎರಡು ಕುರಿ ತಳಿಗಳಿವೆ. ಒಂದಕ್ಕೆ ಉಣ್ಣೆ ಇಲ್ಲ, ಬರೀ ಕೂದಲು, ಅದು ಹುಳಕ್ಕೆ ಗಟ್ಟಿ. ಇನ್ನೊಂದು ಉಣ್ಣೆಯದು, ಹುಳಕ್ಕೆ ಸುಲಭದ ತುತ್ತು. ಎಂಟು ಪ್ರೋಟೀನ್ ಬೆರೆಸಿದ ಒಂದು ಪ್ರಯೋಗದ ಲಸಿಕೆಯನ್ನು ಎರಡಕ್ಕೂ ಹಾಕಿ ನೋಡಿದರು. ಹೊಟ್ಟೆಯ ಗೋಡೆಗೆ ಓಡಿ ಬಂದ ರಕ್ಷಣೆಯ ಕಣಗಳೂ, ಅವು ಹುಳದ ಮೇಲೆ ಮಾಡಿದ ಪರಿಣಾಮವೂ ಎರಡು ತಳಿಯಲ್ಲಿ ಬೇರೆ ಬೇರೆಯೇ ಇದ್ದವು. ಒಂದು ತಳಿಯಲ್ಲಿ ಪರೀಕ್ಷೆ ಮಾಡಿ ‘ಲಸಿಕೆ ಪಾಸು’ ಅಂತ ಬರೆದರೆ ಇನ್ನೊಂದು ತಳಿಗೆ ಅದು ಅನ್ವಯಿಸುತ್ತದೆ ಅನ್ನುವ ಹಾಗಿಲ್ಲ. ನಾಳೆ ನಮ್ಮ ದೇಶಕ್ಕೆ ಇಂಥ ಲಸಿಕೆ ಬಂದರೂ ಮೆರಿನೊ ಕುರಿಯ ಲೆಕ್ಕವನ್ನು ಹಾಸನದ ಕುರಿಗೆ, ಬಂಡೂರಿಗೆ ಹಾಗೇ ಅಂಟಿಸಬಾರದು. ಇಲ್ಲಿಯ ಕುರಿಯಲ್ಲೇ ಹಾಕಿ ನೋಡಬೇಕು ಅನ್ನುವುದು ನನ್ನ ಹಟ.

ಕೋಳಿ ಸಾಕುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಕೋಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಕೂಡ ಕರುಳಿನ ಪರಾವಲಂಬಿಯೇ. ಅದಕ್ಕೆ ಜೀವಂತ ಲಸಿಕೆಗಳು 1950ರ ದಶಕದಿಂದಲೇ ಇವೆ. ಅದರಲ್ಲಿ ಐಮೇರಿಯಾ ಮ್ಯಾಕ್ಸಿಮಾ ಅನ್ನುವ ಒಂದು ಜಾತಿ ಇದೆ. ಅದರ ಒಂದು ತಳಿಯಿಂದ ಕಲಿತ ಕೋಳಿ ಇನ್ನೊಂದು ತಳಿಯನ್ನೂ ತಡೆಯುತ್ತದಾ ಇಲ್ಲವಾ ಅನ್ನುವುದು ಆ ಕೋಳಿ ಯಾವ ಸಾಲಿನದು ಅನ್ನುವುದರ ಮೇಲೆ ನಿಂತಿದೆ ಅಂತ ಇಂಗ್ಲೆಂಡಿನಲ್ಲಿ 2002ರಲ್ಲಿ ತೋರಿಸಿದ್ದಾರೆ.

ಮನುಷ್ಯರ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೇಪಾಳದಲ್ಲಿ ಜಿರೆಲ್ ಅನ್ನುವ ಸಮುದಾಯ ಇದೆ. ಸಾವಿರಕ್ಕೂ ಜಾಸ್ತಿ ಜನರ ಸಂಬಂಧವನ್ನು ಒಂದೇ ವಂಶವೃಕ್ಷದಲ್ಲಿ ಬರೆಯಬಹುದು. ಯಾರು ಯಾರಿಗೆ ಮಾವ, ಯಾರು ಯಾರಿಗೆ ಷಡ್ಡಕ ಅನ್ನುವುದೆಲ್ಲ ಅದರಲ್ಲೇ ಸಿಗುತ್ತದೆ. ಅವರಿಗೆ ಜಂತಿನ ಮಾತ್ರೆ ಕೊಟ್ಟು, ಹೊರಗೆ ಬಂದ ದುಂಡುಹುಳಗಳನ್ನು ಹೆಕ್ಕಿ ಎಣಿಸಿ ತೂಕ ಹಾಕಿದರು. ಎಂಥ ಕೆಲಸ ನೋಡಿ! ಯಾರ ಹೊಟ್ಟೆಯಲ್ಲಿ ಎಷ್ಟು ಹುಳ ಅನ್ನುವ ವ್ಯತ್ಯಾಸದಲ್ಲಿ ನೂರಕ್ಕೆ 30ರಿಂದ 50 ಪಾಲು ವಂಶದಿಂದ ಬಂದದ್ದು ಅಂತ 1999ರಲ್ಲಿ ಬರೆದರು. 2002ರಲ್ಲಿ ಒಂದನೇ ಮತ್ತು ಹದಿಮೂರನೇ ಕ್ರೋಮೋಸೋಮಿನ ಮೇಲೆ ಅದಕ್ಕೆ ಕಾರಣವಾದ ಜಾಗಗಳನ್ನೂ ತೋರಿಸಿದರು. ಮನುಷ್ಯರ ಕೊಕ್ಕೆಹುಳಕ್ಕೆ ಲಸಿಕೆ ಮಾಡುವ ಕೆಲಸ ವರ್ಷಗಳಿಂದ ನಡೆಯುತ್ತಿದೆ. ಬ್ರೆಜಿಲ್‌ನಲ್ಲಿ ಒಂದು ಲಸಿಕೆಯ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಹಿಂದೆ ಕೊಕ್ಕೆಹುಳ ಬಂದಿದ್ದವರ ರಕ್ತದಲ್ಲಿ ಅಲರ್ಜಿಯ ಆಂಟಿಬಾಡಿ ಮೊದಲೇ ಇತ್ತು. ಸೂಜಿ ಚುಚ್ಚಿದ್ದೇ ಕೆಲವರಿಗೆ ಮೈಯೆಲ್ಲ ದದ್ದು ಎದ್ದಿತು. ಹಾಗಾಗಿ ಮಕ್ಕಳಿಗೆ ಸದ್ಯಕ್ಕೆ ಶಾಲೆಯಲ್ಲಿ, ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯೇ ಗತಿ. ತಪ್ಪಿಸಬೇಡಿ.

ನಿಮ್ಮ ರೊಪ್ಪಕ್ಕೆ ವಾಪಸ್ ಬರೋಣ. ಆ ಏಳೆಂಟನ್ನೂ ಒಟ್ಟಿಗೆ ಮಾರಿಬಿಡಿ ಅಂತ ನಾನು ಹೇಳುವುದಿಲ್ಲ. ಮೊದಲು ಅದು ನಿಜವಾಗಿ ಸಾಲಿನ ಗುಣವೇ ಅಂತ ನೋಡಬೇಕು. ಈದ ಕುರಿಗೆ ಹುಳದ ಮೇಲಿನ ಹಿಡಿತ ಕೆಲವು ವಾರ ಸಡಿಲ ಆಗುತ್ತದೆ. ಮೂರು ನಾಲ್ಕು ತಿಂಗಳ ಒಳಗಿನ ಮರಿಗೆ ಕಲಿಯುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಮೇವಿನಲ್ಲಿ ಪ್ರೋಟೀನ್ ಇಲ್ಲದಿದ್ದರೆ ಒಳ್ಳೆ ರಕ್ತವೂ ಆಂಟಿಬಾಡಿಯನ್ನು ಎಲ್ಲಿಂದ ತರಬೇಕು? ಅವಳಿ ಈದು, ಬರೀ ಒಣ ಹುಲ್ಲು ತಿಂದು ಬಡವಾದ ಕುರಿಯನ್ನು ‘ಕೆಟ್ಟ ಸಾಲು’ ಅಂತ ಸಂತೆಗೆ ಹೊಡೆದರೆ ಅನ್ಯಾಯ. ಅಂಥದ್ದಕ್ಕೆ ಒಂದು ತಿಂಗಳು ದಿನಕ್ಕೊಂದು ಹಿಡಿ ಕಡ್ಲೆಕಾಯಿ ಹಿಂಡಿ ಕೊಟ್ಟು ನೋಡಿ.

ಇನ್ನೊಂದು ಅಭ್ಯಾಸ ಬಿಡಬೇಕು: 60ಕ್ಕೂ ಒಂದೇ ದಿನ ಔಷಧ ಕುಡಿಸುವುದು. ಎಲ್ಲಕ್ಕೂ ಕುಡಿಸಿದರೆ ಔಷಧಕ್ಕೆ ಬಗ್ಗದ ಹುಳ ಮಾತ್ರ ಉಳಿದು, ಅದರ ಸಂತಾನವೇ ಹುಲ್ಲಿನ ಮೇಲೆ ತುಂಬುತ್ತದೆ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ನಮ್ಮ ದೇಶದಲ್ಲೂ ಹಲವು ಕಡೆ ಸೋಲುತ್ತಿವೆ. ಅದರ ಬದಲು 15 ದಿನಕ್ಕೊಮ್ಮೆ ಬೆಳಿಗ್ಗೆ ರೊಪ್ಪದ ಬಾಗಿಲಲ್ಲಿ ನಿಂತು, ಒಂದೊಂದೇ ಕುರಿ ಹೊರಗೆ ಬಿಡುವಾಗ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿ. ಕೆಂಪಗಿದ್ದರೆ ಬಿಡಿ. ಬೆಳ್ಳಗೆ, ಸುಣ್ಣ ಬಳಿದ ಹಾಗಿದ್ದರೆ ಅದಕ್ಕೆ ಮಾತ್ರ ಔಷಧ. ಮಾಸಲು ಗುಲಾಬಿ ಇದ್ದರೆ ಮೂರು ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ದಕ್ಷಿಣ ಆಫ್ರಿಕಾದವರು ಇದಕ್ಕೆ ಐದು ಬಣ್ಣದ ಪಟ್ಟಿ ಮಾಡಿ ಫಮಾಚಾ ಅಂತ ಹೆಸರಿಟ್ಟಿದ್ದಾರೆ. ಪಟ್ಟಿ ಇಲ್ಲದಿದ್ದರೂ ನಿಮ್ಮ ಕಣ್ಣಿಗೆ ಎರಡು ತಿಂಗಳಲ್ಲಿ ಅಭ್ಯಾಸ ಆಗುತ್ತದೆ. ಮೋಡ ಕವಿದ ದಿನ ನೋಡಬೇಡಿ, ಎಲ್ಲ ಬೆಳ್ಳಗೇ ಕಾಣುತ್ತದೆ.

ಔಷಧ ಕುಡಿಸಿದ ಕುರಿಯ ಕಿವಿ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ಮಳೆಗಾಲದಲ್ಲಿ ಮೂರು ಸಲಕ್ಕಿಂತ ಜಾಸ್ತಿ ಬರೆಸಿಕೊಂಡ ಕುರಿ, ಅದರ ಮರಿಗಳೂ ಹಾಗೇ ಬರೆಸಿಕೊಂಡರೆ, ಆಗ ಅವ್ವನ ಮಾತು ಕೇಳಿ. ಅದರ ಹೆಣ್ಣು ಮರಿಯನ್ನು ಸಾಕಬೇಡಿ.

ಆದರೆ ಎಲ್ಲಕ್ಕಿಂತ ಮುಖ್ಯ ಟಗರು. ಒಂದು ಕುರಿ ವರ್ಷಕ್ಕೆ ಒಂದೋ ಎರಡೋ ಮರಿ ಕೊಡುತ್ತದೆ. ಟಗರು ಇಡೀ ರೊಪ್ಪಕ್ಕೆ ತನ್ನ ರಕ್ತ ಹಂಚುತ್ತದೆ. ನೀವು ಟಗರು ಕೊಳ್ಳುವಾಗ ಕೊಂಬು ನೋಡುತ್ತೀರಿ, ಬೆನ್ನು ಮುಟ್ಟಿ ನೋಡುತ್ತೀರಿ, ಬಂಡೂರಾದರೆ ಕತ್ತಿನ ಕೆಳಗೆ ಬುಗುಡಿ ಇದೆಯಾ ಅಂತ ನೋಡುತ್ತೀರಿ. ಹಿಕ್ಕೆ ನೋಡಿದವರನ್ನು ನಾನು ಇನ್ನೂ ಕಂಡಿಲ್ಲ. ಮಹಾರಾಷ್ಟ್ರದ ಫಲ್ಟಣದಲ್ಲಿ ನಮ್ಮ ಬಂಡೂರು ಮತ್ತು ಡೆಕ್ಕನಿ ಕುರಿಗಳನ್ನು ಬಂಗಾಳದ ಗರೋಲ್ ಕುರಿಗೆ ಬೆರೆಸಿ ನೋಡಿದ್ದಾರೆ. ಬೆರಕೆ ಮರಿಗಳಲ್ಲಿ ಹುಳದ ಮೊಟ್ಟೆ ಕಡಿಮೆ. ಆದರೆ ಗರೋಲ್ ಕುರಿ ಪುಟ್ಟದು, ಬೆರಕೆಯೂ ಬೇಗ ತೂಕ ಬರುವುದಿಲ್ಲ. ಮಾಂಸಕ್ಕೆ ಸಾಕುವವರಿಗೆ ಅದು ಹಿಡಿಸಲಿಲ್ಲ ಅಂದರೆ ತಪ್ಪೇನಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಸುತ್ತಲಿನ ಹತ್ತು ಟಗರಿನಲ್ಲೇ ಹುಳ ಕಡಿಮೆ ಇರುವ ಎರಡು ಸಿಗುತ್ತವೆ. ಎರಡನ್ನೂ ಬಳಸಿ. ಒಂದೇ ಟಗರಿನ ಮೇಲೆ ಬಿದ್ದರೆ ರೊಪ್ಪದಲ್ಲೆಲ್ಲ ಒಂದೇ ಬಗೆಯ ಜರಡಿ ಉಳಿಯುತ್ತದೆ. ಆ ಜರಡಿಯಿಂದ ನುಸುಳುವ ಹುಳ ಬಂದರೆ ಅಷ್ಟೂ ಕುರಿ ಒಟ್ಟಿಗೆ ಮಲಗುತ್ತವೆ. ಬಾಳೆಹೊನ್ನೂರು ಕಡೆಯ ಕಾಫಿ ಬೆಳೆಗಾರರನ್ನು ಕೇಳಿ, ಎಲೆ ತುಕ್ಕು ರೋಗ ಒಂದೊಂದೇ ತಳಿಯನ್ನು ಹೇಗೆ ಮುರಿಯುತ್ತಾ ಬಂತು ಅಂತ ಹೇಳುತ್ತಾರೆ.

ಟಗರು ಕೊಳ್ಳುವ ಮುಂಚೆ ಅದರ ಹಿಕ್ಕೆ ಪರೀಕ್ಷೆ ಮಾಡಿಸಿ. ಮಾರುವವರು ಹಿಂದಿನ ವಾರವೇ ಜಂತಿನ ಔಷಧ ಕುಡಿಸಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಒಂದೂವರೆ ಎರಡು ತಿಂಗಳಿಂದ ಔಷಧ ಕುಡಿಸದ, ಉಳಿದ ಕುರಿಗಳ ಜೊತೆಗೇ ಮೇಯುತ್ತಿರುವ ಟಗರಾಗಿರಬೇಕು. ಜೊತೆಗೆ ಅದರದೇ ವಯಸ್ಸಿನ ನಾಲ್ಕೈದು ಟಗರಿನದೂ ತನ್ನಿ, ಹೋಲಿಸದೆ ಒಂದೇ ನಂಬರಿಗೆ ಅರ್ಥ ಇಲ್ಲ. ನೆಲದಿಂದ ಹೆಕ್ಕಬೇಡಿ. ಕೈಗೆ ಗ್ಲೌಸ್ ಹಾಕಿ ಹಿಂದಿನಿಂದಲೇ ತೆಗೆಯಿರಿ. ಒಂದೊಂದಕ್ಕೆ ಎಂಟು ಹತ್ತು ಹಿಕ್ಕೆ ಸಾಕು, ಚಿಕ್ಕ ಡಬ್ಬಿಯ ಬಾಯಿವರೆಗೆ ತುಂಬಿ ಮುಚ್ಚಿ, ಮೇಲೆ ಕಿವಿ ನಂಬರ್ ಬರೆಯಿರಿ. ನಾವು ಅದರಲ್ಲಿ 3 ಗ್ರಾಂ ತೂಗಿ, ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಆ ಸಿಡ್ನಿಯ ಸ್ಲೈಡಿಗೆ ತುಂಬುತ್ತೇವೆ. ಐದು ನಿಮಿಷದಲ್ಲಿ ಮೊಟ್ಟೆಗಳು ಮೇಲೆ ತೇಲಿ ಬರುತ್ತವೆ, ನೀವೂ ಕಣ್ಣಿಟ್ಟು ನೋಡಬಹುದು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟು ತಡವಾಗಿ ತಂದರೆ ಮೊಟ್ಟೆ ಬಲಿತು ಒಡೆಯಲು ಶುರುವಾಗಬಹುದು, ಆಗ ಲೆಕ್ಕ ಸರಿ ಸಿಗುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಯೊಳಗೆ ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ತಲುಪಿಸಿ. ಬರುವಾಗ ಆ ನೋಟ್‌ಬುಕ್ ಮರೆಯಬೇಡಿ. ಸಾಧ್ಯವಾದರೆ ಅವ್ವನನ್ನೂ ಕರೆದುಕೊಂಡು ಹೋಗಿ. ಯಾವ ಕುರಿಗೆ ಯಾವುದು ಅಜ್ಜಿ ಅನ್ನುವುದು ನೋಟ್‌ಬುಕ್ಕಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.